ಕೈತೋಟಕ್ಕೆ ಸಿಮೆಂಟ್ ಮತ್ತು ಮೊಸಾಯಿಕ್ ಕಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಹಿತ್ತಲಿನ ಹಕ್ಕಿ ಬಟ್ಟಲು, ಹೆಜ್ಜೆಕಲ್ಲು, ಬಳೆಚೂರಿನ ತುಳಸಿ ಕಟ್ಟೆಗಳನ್ನು ನೋಡಿದವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಉತ್ತರಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಸಿಮೆಂಟ್ ಕಲಸುವಾಗ ನೀರಿನ ವಿಷಯದಲ್ಲಿ ಜಿಪುಣರಾಗಿ, ಗಟ್ಟಿಯಾದ ಮೇಲೆ ಧಾರಾಳಿಗಳಾಗಿ. ಮನೆಯಲ್ಲಿ ಮಾಡಿದ ಸಿಮೆಂಟ್ ಕೆಲಸ ಕೆಡುವುದು ಬಹುಪಾಲು ಇದನ್ನು ತಿರುಗುಮುರುಗು ಮಾಡಿದಾಗಲೇ.

ಚಿತ್ರ ಬರೆಯಲು ಬಾರದವರೂ ಇದನ್ನು ಮಾಡಬಹುದೇ?

ಮಾಡಬಹುದು. ಚುಕ್ಕಿ ರಂಗೋಲಿ ಇಡಬಲ್ಲವರು ಮೊಸಾಯಿಕ್, ಅಂದರೆ ಚೂರುಗಳನ್ನು ಜೋಡಿಸಿ ಮಾಡುವ ಚಿತ್ತಾರ, ಮಾಡಬಲ್ಲರು, ಹೋಳಿಗೆ ತಟ್ಟಬಲ್ಲವರು ಎಲೆಯ ಮೇಲೆ ಗಾರೆ ಹರಡಬಲ್ಲರು.

ಈ ವಿದ್ಯೆಯ ಚರಿತ್ರೆಯಲ್ಲೂ ಪದವಿ ಪಡೆದ ಶಿಲ್ಪಿಗಳಿಗಿಂತ ಬೇರೆ ಬೇರೆ ಕಸುಬಿನವರೇ ನನ್ನ ಕಣ್ಣಿಗೆ ಬೀಳುತ್ತಾರೆ. ಕಬ್ಬಿಣದ ಜಾಲರಿಗೆ ಸಿಮೆಂಟ್ ಮೆತ್ತಿ ಕುಂಡ ಮಾಡುವ ವಿಧಾನಕ್ಕೆ 1867ರಲ್ಲಿ ಪೇಟೆಂಟ್ ಪಡೆದ ಜೋಸೆಫ್ ಮೋನಿಯೇ ಫ್ರಾನ್ಸಿನ ಒಬ್ಬ ತೋಟಗಾರ. ಗಿಡ ನೆಡಲು ಬಾಳಿಕೆ ಬರುವ ತೊಟ್ಟಿ ಬೇಕಿತ್ತು, ಅದಕ್ಕಾಗಿ ಹುಡುಕಿದ ದಾರಿ ಅದು. ಇಂದು ಸೇತುವೆಗಳನ್ನೂ ಬಹುಮಹಡಿ ಕಟ್ಟಡಗಳನ್ನೂ ಹೊತ್ತು ನಿಂತಿರುವ ಆರ್‌ಸಿಸಿಯ (ಕಬ್ಬಿಣ ಹುದುಗಿಸಿದ ಕಾಂಕ್ರೀಟಿನ) ಒಂದು ಬೇರು ಹೂಕುಂಡದಲ್ಲಿದೆ ಎಂಬುದು ನನಗೆ ಇಂದಿಗೂ ಖುಷಿ ಕೊಡುವ ಸಂಗತಿ. ಚಂಡೀಗಢದ ರಾಕ್ ಗಾರ್ಡನ್ ಕಟ್ಟಿದ ನೇಕ್ ಚಂದ್ ಅವರು ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್ಸ್‌ಪೆಕ್ಟರ್ ಆಗಿದ್ದವರು. 1957ರ ಸುಮಾರಿಗೆ ಯಾರಿಗೂ ಹೇಳದೆ, ಕೆಡವಿದ ಮನೆಗಳ ಅವಶೇಷ, ಒಡೆದ ಪಿಂಗಾಣಿ, ಗಾಜಿನ ಬಳೆಗಳನ್ನು ಕೂಡಿಸಿಟ್ಟು ಗೊಂಬೆಗಳನ್ನು ಮಾಡತೊಡಗಿದರು. ಆ ತೋಟ ಸಾರ್ವಜನಿಕರಿಗೆ ತೆರೆದದ್ದು 1976ರಲ್ಲಿ. ಚಂಡೀಗಢಕ್ಕೆ ಹೋದವರು ಬಳೆಗಳಿಂದ ಮಾಡಿದ ಅಲ್ಲಿನ ಗೊಂಬೆಗಳ ಮುಂದೆ ಅರ್ಧ ಗಂಟೆ ನಿಂತರೆ ಯಾವ ತರಗತಿಯಲ್ಲೂ ಸಿಗದ ಪಾಠ ಸಿಗುತ್ತದೆ.

ನಾವು ಬಳಸುವುದು ಕಾಂಕ್ರೀಟೋ, ಗಾರೆಯೋ?

ಹೆಚ್ಚಿನ ಕೆಲಸಗಳಿಗೆ ಗಾರೆ, ಅಂದರೆ ಸಿಮೆಂಟ್, ಮರಳು, ನೀರು ಮಾತ್ರ. ಜಲ್ಲಿ ಸೇರಿದರೆ ಅದು ಕಾಂಕ್ರೀಟ್. ಎರಡು ಮೂರು ಸೆಂಟಿಮೀಟರ್ ದಪ್ಪದ ವಸ್ತುವಿನೊಳಗೆ ಜಲ್ಲಿಗೆ ಜಾಗವಿಲ್ಲ. ಬೆಂಚು, ಕಂಬದ ಬುಡ, ದೊಡ್ಡ ಕುಂಡದ ತಳ ಮಾಡುವಾಗ ಮಾತ್ರ 12 ಮಿ.ಮೀ. ಒಳಗಿನ ಸಣ್ಣ ಜಲ್ಲಿ ಸೇರಿಸಿ.

ಯಾವ ಸಿಮೆಂಟ್, ಯಾವ ಮರಳು ತರಬೇಕು?

ಅಂಗಡಿಯಲ್ಲಿ ಸುಲಭವಾಗಿ ಸಿಗುವ ಪಿಪಿಸಿ (ಪೋರ್ಟ್‌ಲ್ಯಾಂಡ್ ಪೊಜೋಲಾನಾ ಸಿಮೆಂಟ್) ಸಾಕು. ಅದರಲ್ಲಿ ಹಾರುಬೂದಿ ಸೇರಿರುತ್ತದೆ, ಬಲ ನಿಧಾನವಾಗಿ ಬರುತ್ತದೆ, ಗಾರೆ ನುಣುಪಾಗಿ ಕೂರುತ್ತದೆ. ಅಚ್ಚಿನಿಂದ ಬೇಗ ಬಿಡಿಸಬೇಕೆಂದರೆ 43 ಅಥವಾ 53 ಗ್ರೇಡಿನ ಓಪಿಸಿ (ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟ್) ತನ್ನಿ. ಚೀಲದ ಮೇಲೆ ಅಚ್ಚಾಗಿರುವ ತಯಾರಿಕೆಯ ವಾರವನ್ನು ನೋಡಿ. ಮೂರು ತಿಂಗಳು ದಾಟಿದ್ದರೆ, ಕೈಯಲ್ಲಿ ಹಿಸುಕಿದರೂ ಪುಡಿಯಾಗದ ಗಂಟುಗಳಿದ್ದರೆ ಕೊಳ್ಳಬೇಡಿ. 50 ಕಿಲೋ ಚೀಲ ಹೆಚ್ಚಾಯಿತು ಎನ್ನುವವರಿಗೆ ಅನೇಕ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕಿಲೋ ಲೆಕ್ಕದಲ್ಲಿ ಬಿಡಿಯಾಗಿಯೂ ಸಿಗುತ್ತದೆ.

ಮರಳಿಗೆ ಪಿ-ಸ್ಯಾಂಡ್, ಅಂದರೆ ಪ್ಲಾಸ್ಟರಿಂಗಿಗೆಂದು ಮಾಡಿದ ಸಣ್ಣ ಮರಳು. ಹೊಳೆಮರಳು ಬೇಕೆಂದು ಹಟ ಹಿಡಿಯಬೇಕಿಲ್ಲ, ಹೊಳೆಯ ದೃಷ್ಟಿಯಿಂದಲೂ ಅದು ಒಳ್ಳೆಯದಲ್ಲ. ಸಮುದ್ರದ ಮರಳನ್ನಂತೂ ಮುಟ್ಟಬೇಡಿ, ಅದರ ಉಪ್ಪು ಒಳಗಿನ ಜಾಲರಿಗೆ ತುಕ್ಕು ಹಿಡಿಸುತ್ತದೆ. ಅಳತೆ ಸರಳ: ಒಂದು ಡಬ್ಬ ಸಿಮೆಂಟಿಗೆ ಮೂರು ಡಬ್ಬ ಮರಳು. ಎಲೆಯ ಗೆರೆಯಂಥ ಸೂಕ್ಷ್ಮ ಅಚ್ಚಿಗೆ ಒಂದಕ್ಕೆ ಎರಡು, ಜರಡಿ ಹಿಡಿದ ಮರಳಿನಲ್ಲಿ.

ನೀರು ಎಷ್ಟು ಹಾಕಬೇಕು?

ಒಂದು ಕಿಲೋ ಸಿಮೆಂಟಿಗೆ ಅರ್ಧ ಲೀಟರ್ ದಾಟಬಾರದು. ಮರಳು ಮೊದಲೇ ಒದ್ದೆಯಾಗಿದ್ದರೆ ಇನ್ನೂ ಕಡಿಮೆ. ಸಿಮೆಂಟ್ ತನ್ನೊಳಗೆ ಕಟ್ಟಿಕೊಳ್ಳುವ ನೀರು ಅದರ ತೂಕದ ಕಾಲು ಭಾಗದಷ್ಟು ಮಾತ್ರ. ಉಳಿದದ್ದು ಕಲಸುವ ಅನುಕೂಲಕ್ಕೆ. ಆ ಹೆಚ್ಚುವರಿ ನೀರು ಆವಿಯಾಗಿ ಹೋದ ಜಾಗದಲ್ಲಿ ಕಣ್ಣಿಗೆ ಕಾಣದ ತೂತುಗಳು ಉಳಿಯುತ್ತವೆ, ಬಿರುಕೂ ಪಾಚಿಯೂ ಹುಟ್ಟುವುದು ಅಲ್ಲಿಂದಲೇ.

ಅಡುಗೆಮನೆಯ ಹದ ಹೇಳುವುದಾದರೆ, ಅಚ್ಚಿಗೆ ತುಂಬುವ ಗಾರೆ ರವೆ ಉಂಡೆಯ ಹಾಗೆ ಮುಷ್ಟಿಯಲ್ಲಿ ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ಎಲೆಯ ಮೇಲೆ ಹರಡುವುದಕ್ಕೆ ಅಕ್ಕಿರೊಟ್ಟಿ ಹಿಟ್ಟಿನ ಹದ ಸಾಕು. ದೋಸೆ ಹಿಟ್ಟಿನಂತಾಯಿತೋ, ಕೆಟ್ಟಿತೆಂದೇ ಲೆಕ್ಕ. ಆಗ ಒಣ ಮರಳು, ಸಿಮೆಂಟ್ ಎರಡನ್ನೂ ಅದೇ ಅಳತೆಯಲ್ಲಿ ಸೇರಿಸಿ ಸರಿಮಾಡಿ. ಕಲಸಿ ಒಂದು ಗಂಟೆಯಾದ ಮೇಲೆ ಬಿಗಿದುಕೊಂಡ ಗಾರೆಗೆ ಮತ್ತೆ ನೀರು ಹುಯ್ದು ಸಡಿಲಿಸಬೇಡಿ. ಸ್ವಲ್ಪ ಸ್ವಲ್ಪವೇ ಕಲಸಿಕೊಳ್ಳುವುದು ಲೇಸು.

ಕ್ಯೂರಿಂಗ್ ಎಂದರೆ ಒಣಗಿಸುವುದೇ?

ಅಲ್ಲ, ಅದಕ್ಕೆ ನೇರ ವಿರುದ್ಧ: ಬಲ ಬರುವವರೆಗೆ ತೇವ ಆರದಂತೆ ಕಾಯುವುದು. ಈ ಒಂದು ತಪ್ಪು ತಿಳಿವಳಿಕೆಯಿಂದ ಹಾಳಾದಷ್ಟು ಕೆಲಸ ಬೇರೆ ಯಾವುದರಿಂದಲೂ ಹಾಳಾದದ್ದನ್ನು ನಾನು ಕಂಡಿಲ್ಲ.

ಸಿಮೆಂಟ್ ಒಣಗಿ ಗಟ್ಟಿಯಾಗುವುದಿಲ್ಲ. ಅದು ನೀರಿನೊಡನೆ ಕೂಡಿ ಹೊಸ ಹರಳುಗಳನ್ನು ಕಟ್ಟಿಕೊಂಡು ಗಟ್ಟಿಯಾಗುತ್ತದೆ. ನೀರು ಆರಿಹೋದ ದಿನ ಆ ಕಟ್ಟುವಿಕೆ ನಿಂತುಹೋಗುತ್ತದೆ. ನಾನು ಮಾಡಿದ ಮೊದಲ ಹಕ್ಕಿ ಬಟ್ಟಲನ್ನು ಏಪ್ರಿಲ್ ಬಿಸಿಲಿನಲ್ಲಿ ತಾರಸಿಯ ಮೇಲಿಟ್ಟೆ, ಬೇಗ ಗಟ್ಟಿಯಾಗಲಿ ಎಂದು. ಮೂರನೆಯ ದಿನಕ್ಕೆ ಮಧ್ಯದಿಂದ ಅಂಚಿಗೆ ಕೂದಲೆಳೆಯಂಥ ಗೆರೆ ಓಡಿತ್ತು, ತಿಂಗಳೊಳಗೆ ಅದು ಎರಡು ಹೋಳಾಯಿತು. ಅಂದಿನಿಂದ ಕ್ಯೂರಿಂಗನ್ನು ಕೆಲಸದ ಕೊನೆಯ ಹಂತವೆಂದು ನೋಡದೆ, ಅದೇ ಮುಖ್ಯ ಕೆಲಸವೆಂದು ನೋಡುತ್ತಿದ್ದೇನೆ.

ಮೊದಲ ದಿನ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ನೆರಳಿನಲ್ಲಿಡಿ. ಮಾರನೆಯ ದಿನದಿಂದ ಒದ್ದೆ ಗೋಣಿಚೀಲ ಹೊದಿಸಿ, ಬೆಳಿಗ್ಗೆ ಮತ್ತು ಸಂಜೆ ನೀರು ಚಿಮುಕಿಸಿ, ಮೇಲೆ ಮತ್ತೆ ಪ್ಲಾಸ್ಟಿಕ್ ಮುಚ್ಚಿ. ಓಪಿಸಿಗೆ ಕನಿಷ್ಠ 7 ದಿನ, ಪಿಪಿಸಿಗೆ 10 ದಿನ. ಸಣ್ಣ ವಸ್ತುಗಳನ್ನು ಎರಡನೆಯ ದಿನದಿಂದ ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟರೆ ಇನ್ನೂ ಒಳ್ಳೆಯದು. ಎಂಜಿನಿಯರುಗಳು ಬಲವನ್ನು ಅಳೆಯುವುದು 28ನೆಯ ದಿನ. ಅಷ್ಟು ದಿನ ಭಾರ ಹೊರಿಸದೆ, ಬಣ್ಣ ಬಳಿಯದೆ ಬಿಡಿ.

ಮೊದಲು ಏನು ಮಾಡಿದರೆ ಒಳ್ಳೆಯದು?

ಕೆಸುವಿನ ಎಲೆಯ ಹಕ್ಕಿ ಬಟ್ಟಲು. ಅಚ್ಚಿಗೆ ಖರ್ಚಿಲ್ಲ, ಎಲೆಯೇ ಅಚ್ಚು.

ಒಂದು ಹಲಗೆಯ ಮೇಲೆ ಒದ್ದೆ ಮರಳನ್ನು ಕವುಚಿದ ತಟ್ಟೆಯಂತೆ ಗುಡ್ಡೆ ಮಾಡಿ, ಮೇಲೆ ಪ್ಲಾಸ್ಟಿಕ್ ಹಾಳೆ ಹರಡಿ. ಎಲೆಯ ಬೆನ್ನಿನಲ್ಲಿ ನರಗಳು ಎದ್ದಿರುತ್ತವೆ, ಆ ಬೆನ್ನು ಮೇಲೆ ಬರುವಂತೆ ಎಲೆಯನ್ನು ಗುಡ್ಡೆಯ ಮೇಲೆ ಮಲಗಿಸಿ. ತೊಟ್ಟನ್ನು ಬುಡಕ್ಕೇ ಕತ್ತರಿಸಿ, ಆ ತೂತಿಗೆ ಚಿಟಿಕೆ ಗಾರೆ ಒತ್ತಿ. ಬಳಿಕ ನಡುವಿನಿಂದ ಆರಂಭಿಸಿ ಅಂಚಿನ ಕಡೆಗೆ ಗಾರೆಯನ್ನು ತಟ್ಟುತ್ತ ಹೋಗಿ. ನಡುವೆ ಎರಡೂವರೆ ಸೆಂ.ಮೀ. ದಪ್ಪ, ಅಂಚಿನಲ್ಲಿ ಒಂದು ಸೆಂ.ಮೀ. ಅರ್ಧ ದಪ್ಪ ತಟ್ಟಿದ ಮೇಲೆ ಎಲೆಗಿಂತ ಚಿಕ್ಕದಾಗಿ ಕತ್ತರಿಸಿದ ಕೋಳಿ ಜಾಲರಿ ಇಟ್ಟು, ಉಳಿದರ್ಧ ಮುಚ್ಚಿ. ಜಾಲರಿಯ ತುದಿ ಎಲ್ಲಿಯೂ ಹೊರಗೆ ಇಣುಕಬಾರದು, ಇಣುಕಿದರೆ ತುಕ್ಕು ಅಲ್ಲಿಂದ ಒಳಗಿಳಿಯುತ್ತದೆ. ಎರಡು ದಿನ ಮುಚ್ಚಿಟ್ಟು, ಎರಡೂ ಕೈಯಿಂದ ಮೆಲ್ಲನೆ ತಿರುವಿ, ಎಲೆಯನ್ನು ಸುಲಿಯಿರಿ. ಸುಲಿಯದೆ ಉಳಿದ ಚೂರುಗಳು ಕೆಲವು ದಿನಗಳಲ್ಲಿ ತಾವೇ ಬಾಡಿ ಉದುರುತ್ತವೆ, ಬ್ರಷ್ಷಿಗೆ ಬರುತ್ತವೆ. ಆ ಕ್ಷಣಕ್ಕೆ, ಎಲೆಯ ಪ್ರತಿ ನರವೂ ಕಲ್ಲಿನಲ್ಲಿ ಮೂಡಿರುವುದನ್ನು ಕಾಣುವ ಕ್ಷಣಕ್ಕೆ, ನನಗೆ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಬೇಸರ ಬಂದಿಲ್ಲ.

ಕೆಸು ಸಿಗದಿದ್ದರೆ ತೇಗ, ಮುತ್ತುಗ, ಕುಂಬಳದ ಎಲೆ ಆಗಬಹುದು. ಬಾಳೆ ಎಲೆಯಲ್ಲಿ ಗೆರೆ ಅಷ್ಟಾಗಿ ಮೂಡುವುದಿಲ್ಲ.

ಹಕ್ಕಿ ಬಟ್ಟಲು ಎಷ್ಟು ಆಳವಿರಬೇಕು? ಸೊಳ್ಳೆ ಬರುವುದಿಲ್ಲವೇ?

ಅಂಚಿನಲ್ಲಿ ಒಂದು ಸೆಂ.ಮೀ., ನಡುವೆ ನಾಲ್ಕೈದು ಸೆಂ.ಮೀ. ಪಿಕಳಾರ, ಗೊರವಂಕಗಳಿಗೆ ಅಷ್ಟು ಸಾಕು. ಒಳಮೈ ಒರಟಾಗಿದ್ದರೆ ಕಾಲು ಜಾರುವುದಿಲ್ಲ. ನೀರನ್ನು ಎರಡು ದಿನಕ್ಕೊಮ್ಮೆ ಚೆಲ್ಲಿ, ತೆಂಗಿನ ನಾರಿನಿಂದ ಉಜ್ಜಿ, ಹೊಸದನ್ನು ತುಂಬಿ. ನಮ್ಮ ಸೆಕೆಯಲ್ಲಿ ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆಯಲು ವಾರ, ಹತ್ತು ದಿನ ಸಾಕು. ಅಷ್ಟು ಕಾಲ ನೀರು ನಿಲ್ಲದಿದ್ದರೆ ಭಯವಿಲ್ಲ. ಊರಿಗೆ ಹೋಗುವಾಗ ಬಟ್ಟಲನ್ನು ಕವುಚಿಟ್ಟು ಹೋಗಿ.

ಮೊಸಾಯಿಕ್ಕಿಗೆ ಯಾವ ಚೂರುಗಳು ಒಳ್ಳೆಯವು?

ಮನೆ ಕಟ್ಟಿದವರ ಬಳಿ ಉಳಿದ ಟೈಲ್ಸ್, ಒಡೆದ ಪಿಂಗಾಣಿ ಕಪ್ಪು, ಬಸಿ, ಗಾಜಿನ ಬಳೆ, ನದಿಯ ಬೆಣಚು ಕಲ್ಲು, ಹಳೆಯ ಹೆಂಚು. ಟೈಲ್ಸ್ ಅಂಗಡಿಯಲ್ಲಿ ಒಡೆದ ಪೆಟ್ಟಿಗೆಗಳನ್ನು ಕೇಳಿ ನೋಡಿ, ಬಹಳ ಕಡೆ ಸುಮ್ಮನೆ ಕೊಟ್ಟುಬಿಡುತ್ತಾರೆ. ಬಾರ್ಸಿಲೋನಾದ ಪಾರ್ಕ್ ಗ್ವೆಲ್‌ನಲ್ಲಿ ವಾಸ್ತುಶಿಲ್ಪಿ ಆಂಟೋನಿ ಗೌಡಿ ಮತ್ತು ಅವರ ಸಹವರ್ತಿ ಜುಜೋಲ್ ಮಾಡಿಸಿದ ಹಾವಿನಂತೆ ಬಳಕುವ ಬೆಂಚು ಜಗತ್ಪ್ರಸಿದ್ಧ. ಅದರ ಮೈಯೆಲ್ಲ ಒಡೆದ ಟೈಲ್ಸ್ ಚೂರುಗಳೇ. ಬಾಗಿದ ಮೈಗೆ ಇಡೀ ಟೈಲ್ಸ್ ಕೂರುವುದಿಲ್ಲ, ಚೂರು ಕೂರುತ್ತದೆ.

ಮಂಗಳೂರು ಹೆಂಚಿನ ಬಗ್ಗೆ ನನಗೆ ವಿಶೇಷ ಮಮತೆ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆ 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹೊರಟ ಆ ಹೆಂಚು ಎಷ್ಟು ಸೂರುಗಳ ಮೇಲೆ ಕುಳಿತಿತ್ತು! ಈಗ ಹಳೆಯ ಮನೆ ಕೆಡವಿದ ಕಡೆಯೆಲ್ಲ ರಾಶಿ ಬೀಳುತ್ತಿದೆ. ಕುಂಟೆಬಿಲ್ಲೆಗೆ ಬಿಲ್ಲೆ ಮಾಡಿಕೊಂಡದ್ದೂ ಇದೇ ಚೂರನ್ನು. ಕಾರ್ಖಾನೆಯ ಹೆಸರು, ಗುರುತು ಅಚ್ಚೊತ್ತಿದ ಭಾಗ ಸಿಕ್ಕರೆ ಒಡೆಯಬೇಡಿ, ಅದನ್ನೇ ನಡುವೆ ಇಟ್ಟು ಸುತ್ತ ಬಣ್ಣ ಕೂರಿಸಿ. ಹೆಂಚು ನೀರು ಕುಡಿಯುತ್ತದೆ, ಹಾಗಾಗಿ ಅಂಟಿಸುವ ಮುನ್ನ ನೆನೆಸಿ, ಮೇಲ್ಮೈಯ ನೀರು ಆರಿದ ಮೇಲೆ ಕೂರಿಸಿ.

ಟೈಲ್ಸ್ ಒಡೆಯುವುದು ಹೇಗೆ?

ಗೋಣಿಚೀಲದೊಳಗೆ ಹಾಕಿ, ಬೆನ್ನು ಮೇಲೆ ಮಾಡಿ, ಸುತ್ತಿಗೆಯಿಂದ ಒಂದೇ ಏಟು. ಆಕಾರ ತಿದ್ದಲು ಟೈಲ್ಸ್ ನಿಪ್ಪರ್ ಎಂಬ ಇಕ್ಕಳ ಸಿಗುತ್ತದೆ. ಕಣ್ಣಿಗೆ ಕನ್ನಡಕ ಹಾಕದೆ ಒಂದು ಚೂರನ್ನೂ ಕತ್ತರಿಸಬೇಡಿ. ಯಂತ್ರದಿಂದ ಕೊಯ್ಯುವುದಾದರೆ ನೀರು ಬಿಡುತ್ತ ಕೊಯ್ಯಿರಿ, ಎನ್-95 ಮಾಸ್ಕ್ ಧರಿಸಿ. ಒಣಗಿ ಹಾರುವ ಆ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಒಳಗೆ ಹೋದದ್ದು ಶ್ವಾಸಕೋಶದಿಂದ ಹೊರಗೆ ಬರುವುದಿಲ್ಲ.

ಅಂಟಿಸಿದ ಚೂರುಗಳು ಒಂದು ಮಳೆಗಾಲದಲ್ಲೇ ಉದುರಿದವು. ಏಕೆ?

ಬಹುಶಃ ವಿಟ್ರಿಫೈಡ್ ಟೈಲ್ಸನ್ನು, ಅಂದರೆ ಗಾಜಿನಂತೆ ಬಿಗಿಯಾದ ನೆಲದ ಟೈಲ್ಸನ್ನು, ಬರೀ ಸಿಮೆಂಟ್ ಹಾಲಿನಿಂದ ಅಂಟಿಸಿದ್ದೀರಿ. ನನಗೂ ಹೀಗೇ ಆಗಿತ್ತು, ಜುಲೈಯಲ್ಲಿ ಕಟ್ಟೆಯ ಒಂದು ಮಗ್ಗುಲು ಪೂರಾ ಕಳಚಿ ಬಿತ್ತು. ಗೋಡೆಯ ಸೆರಾಮಿಕ್ ಟೈಲ್ಸ್ ನೀರು ಹೀರುತ್ತದೆ, ಸಿಮೆಂಟಿನ ಹರಳು ಅದರ ತೂತುಗಳಲ್ಲಿ ಬೇರು ಬಿಡುತ್ತದೆ. ನೆಲದ ವಿಟ್ರಿಫೈಡ್ ಟೈಲ್ಸ್ ತನ್ನ ತೂಕದ ಶೇಕಡಾ ಅರ್ಧದಷ್ಟೂ ನೀರು ಹೀರುವುದಿಲ್ಲ. ಬೇರಿಗೆ ಜಾಗವೇ ಇಲ್ಲ. ಅದಕ್ಕೆ ಪಾಲಿಮರ್ ಸೇರಿದ ಟೈಲ್ಸ್ ಅಂಟು ಬೇಕು. ಚೀಲದ ಮೇಲೆ ಹೊರಾಂಗಣಕ್ಕೆ ಆಗುತ್ತದೆಯೇ ಎಂದು ಓದಿ ತನ್ನಿ. ಬಿಳಿ ಬಣ್ಣದ ಫೆವಿಕಾಲ್ ಬಗೆಯ ಮರದ ಅಂಟು ಹೊರಗಿನ ಕೆಲಸಕ್ಕೆ ಸಲ್ಲದು, ನೀರಿನಲ್ಲಿ ಮತ್ತೆ ಮೆತ್ತಗಾಗುತ್ತದೆ.

ಕಟ್ಟೆಯ ಮೇಲೆ ಧೂಳು, ಹಳೆಯ ಸುಣ್ಣ, ಎಣ್ಣೆ ಇದ್ದರೆ ಯಾವ ಅಂಟೂ ನಿಲ್ಲುವುದಿಲ್ಲ. ತುಳಸಿ ಕಟ್ಟೆಯಲ್ಲಿ ದೀಪದ ಎಣ್ಣೆ ಇಳಿದ ಜಾಗವನ್ನು ಉಜ್ಜಿ, ಕೆತ್ತಿ ಒರಟು ಮಾಡಿಕೊಳ್ಳಿ.

ಬಳೆಚೂರು ಬಳಸಬಹುದೇ?

ಖಂಡಿತ. ಗಾಜು ಪಾರದರ್ಶಕವಾದ್ದರಿಂದ ಹಿಂದಿನ ಬಣ್ಣ ಮುಂದಕ್ಕೆ ಕಾಣುತ್ತದೆ. ಬೂದು ಸಿಮೆಂಟಿನ ಮೇಲೆ ಹಸಿರು ಬಳೆ ಮಂಕು, ಬಿಳಿ ಟೈಲ್ಸ್ ಅಂಟಿನ ಮೇಲೆ ಅದೇ ಬಳೆ ಎಳೆ ಚಿಗುರು. ಬಳೆಯ ಬಾಗು ನವಿಲಿನ ಗರಿಗೆ, ಮೀನಿನ ಹುರುಪೆಗೆ, ನೀರಿನ ಅಲೆಗೆ ಹೇಳಿ ಮಾಡಿಸಿದಂತಿದೆ. ಕೈಗೆ ಎಟಕುವ ಕಡೆ ಚೂಪಾದ ತುದಿಯನ್ನು ಗಾರೆಯೊಳಗೆ ಹೂತುಬಿಡಿ. ಕನ್ನಡಿಯ ಚೂರಾದರೆ ಹಿಂಬದಿಯ ಲೇಪಕ್ಕೆ ಮೊದಲು ರಕ್ಷಣೆಯ ವಾರ್ನಿಷ್ ಬಳಿಯಿರಿ. ಇಲ್ಲದಿದ್ದರೆ ತೇವಕ್ಕೂ ಸಿಮೆಂಟಿನ ಕ್ಷಾರಕ್ಕೂ ಕಪ್ಪಾಗುತ್ತದೆ.

ವಿನ್ಯಾಸ ಎಲ್ಲಿಂದ ತರುವುದು?

ಮನೆಯ ಹೊಸಿಲಿನಿಂದ. ಚುಕ್ಕಿ ರಂಗೋಲಿಯ ಪ್ರತಿ ಚುಕ್ಕಿಗೂ ಒಂದು ಗುಂಡು ಬೆಣಚು, ಎಳೆಗೆ ಕಿರಿದಾದ ಟೈಲ್ಸ್ ಪಟ್ಟಿ ಇಟ್ಟು ನೋಡಿ. ಮೊದಲು ಹಲಗೆಯ ಮೇಲೆ ಒಣದಾಗಿ ಪೂರ್ತಿ ಜೋಡಿಸಿ, ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು, ಆಮೇಲೆ ಅಂಟಿಸಿ. ಎರಡು ಮೂರು ಬಣ್ಣ ಸಾಕು. ಹತ್ತು ಬಣ್ಣ ಸೇರಿದರೆ ಹೂವಿನ ಎದುರು ಗದ್ದಲವಾಗುತ್ತದೆ, ತೋಟದಲ್ಲಿ ಮುಂದೆ ನಿಲ್ಲಬೇಕಾದದ್ದು ಹೂವೇ ಎಂಬುದು ನನ್ನ ಅಭಿಪ್ರಾಯ.

ಸಂದು ತುಂಬುವುದು ಯಾವಾಗ?

ಅಂಟಿಸಿ ಒಂದು ದಿನ ಕಳೆದ ಮೇಲೆ. ಸಂದು ಎರಡರಿಂದ ಐದು ಮಿ.ಮೀ. ಇರಲಿ. ಗ್ರೌಟನ್ನು (ಸಂದು ತುಂಬುವ ಸಿಮೆಂಟ್ ಮಿಶ್ರಣವನ್ನು) ರಬ್ಬರ್ ತುಂಡಿನಿಂದ ಓರೆಯಾಗಿ ಒತ್ತಿ, ಅರ್ಧ ಗಂಟೆ ಬಿಟ್ಟು, ಹಿಂಡಿದ ಸ್ಪಂಜಿನಿಂದ ಒರೆಸಿ. ಇಲ್ಲಿಯೂ ಸ್ಪಂಜಿನಲ್ಲಿ ನೀರು ಹೆಚ್ಚಾದರೆ ಬಣ್ಣ ತೊಳೆದುಹೋಗುತ್ತದೆ. ಮೇಲೆ ಉಳಿದ ಬಿಳಿ ಮಬ್ಬನ್ನು ತೆಗೆಯಲು ಬಾತ್‌ರೂಮಿನ ಆ್ಯಸಿಡ್ ಬೇಡ, ಅದು ಗ್ರೌಟನ್ನೇ ತಿನ್ನುತ್ತದೆ.

ಒಂದು ಚೀಲ ಸಿಮೆಂಟಿನಲ್ಲಿ ಎಷ್ಟು ಹೆಜ್ಜೆಕಲ್ಲು ಆಗುತ್ತವೆ?

40 ಸೆಂ.ಮೀ. ಅಡ್ಡಳತೆ, 5 ಸೆಂ.ಮೀ. ದಪ್ಪದ ಗುಂಡು ಕಲ್ಲಿಗೆ ಸುಮಾರು ಮೂರು ಕಿಲೋ ಸಿಮೆಂಟ್, ಹತ್ತು ಕಿಲೋ ಮರಳು ಬೇಕು. ಒಂದು ಚೀಲಕ್ಕೆ ಹದಿನೈದು ಕಲ್ಲುಗಳು. ಹಳೆಯ ಪ್ಲಾಸ್ಟಿಕ್ ಬೇಸಿನ್ನಿಗೆ ಒಳಗೆ ಎಣ್ಣೆ ಸವರಿದರೆ ಅದೇ ಅಚ್ಚು. ಕಲ್ಲಿನ ನಡುವಿನಿಂದ ನಡುವಿಗೆ 60 ಸೆಂ.ಮೀ. ಬಿಟ್ಟರೆ ಹೆಜ್ಜೆಗೆ ಸರಿ, ಮನೆಯಲ್ಲಿ ಹಿರಿಯರಿದ್ದರೆ 50ಕ್ಕೆ ಇಳಿಸಿ. ಕೆಳಗೆ ಐದು ಸೆಂ.ಮೀ. ಮರಳು ಹಾಸಿ, ರಸಮಟ್ಟ ಇಟ್ಟು ನೋಡಿ.

ನುಣುಪು ಟೈಲ್ಸನ್ನು ಕಾಲಿಡುವ ಕಡೆ ಹಾಕಲೇಬೇಡಿ. ಮಲೆನಾಡಿನ ಮಳೆಯಲ್ಲಿ, ಪಾಚಿಯೂ ಸೇರಿದರೆ, ಅದು ಸೊಂಟ ಮುರಿಯುವ ಕಲ್ಲಾಗುತ್ತದೆ. ಬೆಣಚು, ಹೆಂಚು, ಹೊಳಪಿಲ್ಲದ ಟೈಲ್ಸ್, ಅಗಲವಾದ ಸಂದು, ಇಷ್ಟಿರಲಿ. ನಾವು ಅಂಗಳದಲ್ಲಿ ಬರಿಗಾಲಿನಲ್ಲಿ ಓಡಾಡುವವರು, ಆದ್ದರಿಂದ ಗಾಜೂ ಅಲ್ಲಿಗೆ ಬೇಡ.

ದೊಡ್ಡ ಮೊಸಾಯಿಕ್ ಚೆಂಡು ಮಾಡುವ ಆಸೆ. ಸಿಮೆಂಟನ್ನೇ ತುಂಬಬೇಕೇ?

ತುಂಬಿದರೆ ಎತ್ತಲಾರಿರಿ. 40 ಸೆಂ.ಮೀ. ಅಡ್ಡಳತೆಯ ಗಟ್ಟಿ ಚೆಂಡು 70 ಕಿಲೋ ದಾಟುತ್ತದೆ. ಟಿವಿ ಪೆಟ್ಟಿಗೆಯ ಥರ್ಮಾಕೋಲನ್ನು ಅಂಟಿಸಿ, ಕೆತ್ತಿ ಗುಂಡಗೆ ಮಾಡಿ, ಕೋಳಿ ಜಾಲರಿ ಸುತ್ತಿ, ಬೈಂಡಿಂಗ್ ವೈರಿನಿಂದ ಬಿಗಿದು, ಎರಡು ಸೆಂ.ಮೀ. ಗಾರೆ ಮೆತ್ತಿ. ಎರಡು ಬಾರಿಗೆ ಮೆತ್ತಿದರೆ ಜಾರಿ ಬೀಳುವುದಿಲ್ಲ. ಮೊದಲ ಪದರವನ್ನು ಮೊಳೆಯಿಂದ ಗೀಚಿ ಒರಟು ಮಾಡಿಡಿ.

ಹಳೆಯ ಟವೆಲನ್ನು ಸಿಮೆಂಟಿನಲ್ಲಿ ಅದ್ದಿ ಮಾಡುವ ಕುಂಡ ಬಾಳುತ್ತದೆಯೇ?

ನೋಡಲು ಚೆಂದ, ಅದರ ಮಡಿಕೆಗಳು ನಿಜಕ್ಕೂ ಸುಂದರ. ಆದರೆ ಒಂದೇ ಅದ್ದಿಗೆ ನಿಲ್ಲಿಸಿದರೆ ಗೋಡೆ ತೆಳು, ಒಳಗಿನ ಬಟ್ಟೆ ಬಲ ಕೊಡುವುದಿಲ್ಲ. ಗಟ್ಟಿಯಾದ ಮೇಲೆ ಒಳಗಿನಿಂದ ಒಂದು ಸೆಂ.ಮೀ. ಗಾರೆ ಮೆತ್ತಿದರೆ ಬಳಸಬಹುದು.

ಬಣ್ಣ ಸೇರಿಸುವುದು ಹೇಗೆ?

ಹಳೆಯ ಮನೆಗಳ ಕೆಂಪು ನೆಲಕ್ಕೆ ಹಾಕುತ್ತಿದ್ದ ರೆಡ್ ಆಕ್ಸೈಡೇ ಇಲ್ಲಿಗೂ ಉತ್ತಮ. ಕಬ್ಬಿಣದ ಆಕ್ಸೈಡಿನ ಕೆಂಪು, ಹಳದಿ, ಕಪ್ಪು ಬಿಸಿಲಿಗೆ ಮಾಸುವುದಿಲ್ಲ. ಒಣ ಸಿಮೆಂಟಿಗೇ ಬೆರೆಸಿ, ಸಿಮೆಂಟಿನ ತೂಕದ ಶೇಕಡಾ 5ರಷ್ಟು ಸಾಕು, 10 ದಾಟಿದರೆ ಬಲ ಕುಂದುತ್ತದೆ. ತಿಳಿ ಬಣ್ಣ ಬೇಕಿದ್ದರೆ ಬಿಳಿ ಸಿಮೆಂಟ್ ಬಳಸಿ.

ಮೇಲೆ ಬಿಳಿ ಪುಡಿ ಕಾಣಿಸಿಕೊಂಡಿದೆ, ಕೆಟ್ಟುಹೋಯಿತೇ?

ಇಲ್ಲ. ಒಳಗಿನ ಸುಣ್ಣ ನೀರಿನೊಡನೆ ಹೊರಗೆ ಬಂದು, ಗಾಳಿಗೆ ಬಿಳಿಯಾಗಿ ನಿಂತಿದೆ. ಒಣ ಬ್ರಷ್ಷಿನಿಂದ ಉಜ್ಜಿ. ಒಂದೆರಡು ಮಳೆಗಾಲ ಕಳೆದರೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ.

ಸಿಮೆಂಟ್ ಕುಂಡದಲ್ಲಿ ಗಿಡ ಬದುಕುತ್ತದೆಯೇ?

ಹೊಸ ಕುಂಡದಲ್ಲಿ ಕ್ಷಾರ ಹೆಚ್ಚು. ಕ್ಯೂರಿಂಗ್ ಮುಗಿದ ಮೇಲೆ ತೂತು ಮುಚ್ಚಿ ನೀರು ತುಂಬಿಸಿ, ಎರಡು ದಿನಕ್ಕೊಮ್ಮೆ ಬದಲಿಸುತ್ತ ನಾಲ್ಕೈದು ಬಾರಿ ಚೆಲ್ಲಿ. ಮೀನು ಬಿಡುವ ತೊಟ್ಟಿಗೆ ಇನ್ನೂ ಹೆಚ್ಚು ಬಾರಿ. ಕೊಡಗು, ಚಿಕ್ಕಮಗಳೂರಿನ ಕಡೆಯವರು ನೀಲಿ ಹೈಡ್ರೇಂಜಾವನ್ನು ಹೊಸ ಸಿಮೆಂಟ್ ಕುಂಡಕ್ಕೆ ನೆಟ್ಟರೆ ಹೂವು ಗುಲಾಬಿ ಬಣ್ಣಕ್ಕೆ ತಿರುಗಬಹುದು. ಕ್ಷಾರದ ಮಣ್ಣಿನಲ್ಲಿ ಆ ಗಿಡಕ್ಕೆ ಅಲ್ಯೂಮಿನಿಯಂ ದಕ್ಕುವುದಿಲ್ಲ, ನೀಲಿಗೆ ಅದೇ ಬೇಕು.

ಮಕ್ಕಳ ಅಂಗೈ ಅಚ್ಚನ್ನು ಹಸಿ ಸಿಮೆಂಟಿನಲ್ಲಿ ತೆಗೆಯಬಹುದೇ?

ದಯವಿಟ್ಟು ಬರಿಗೈಯಲ್ಲಿ ಬೇಡ. ಹಸಿ ಸಿಮೆಂಟಿನ ಪಿಎಚ್ 12ರ ಮೇಲಿರುತ್ತದೆ, ಅಂದರೆ ತೀಕ್ಷ್ಣ ಕ್ಷಾರ, ಚರ್ಮ ಸುಡುತ್ತದೆ, ಅದೂ ತಕ್ಷಣ ಉರಿಯದೆ ಗಂಟೆಗಳ ಬಳಿಕ. ಮಗುವಿನ ಅಂಗೈಯನ್ನು ಜೇಡಿಮಣ್ಣಿನಲ್ಲಿ ಒತ್ತಿಸಿ, ಆ ಅಚ್ಚಿಗೆ ನೀವು ಗಾರೆ ತುಂಬಿ. ಗೆರೆಗಳೂ ಸ್ಪಷ್ಟವಾಗಿ ಬರುತ್ತವೆ. ದೊಡ್ಡವರಿಗೂ ರಬ್ಬರ್ ಕೈಗವಸು ಕಡ್ಡಾಯ. ತಾಗಿದರೆ ಧಾರಾಳ ನೀರಿನಲ್ಲಿ ತೊಳೆಯಿರಿ, ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ತೊಳೆದು ನೇರ ವೈದ್ಯರ ಬಳಿಗೆ ಹೋಗಿ. ಮಕ್ಕಳಿಗೆ ಚೂಪಿಲ್ಲದ ಬೆಣಚು ಜೋಡಿಸುವ ಕೆಲಸ ಕೊಡಿ, ಅವರ ಜೋಡಣೆ ನಮ್ಮದಕ್ಕಿಂತ ಚೆನ್ನಾಗಿರುತ್ತದೆ.

ವರ್ಷದಲ್ಲಿ ಯಾವ ಕಾಲ ಅನುಕೂಲ?

ಬಯಲುಸೀಮೆಯಲ್ಲಿ ನವೆಂಬರಿನಿಂದ ಫೆಬ್ರವರಿ. ಮಳೆಗಾಲದಲ್ಲಿ ಸೂರಿನ ಕೆಳಗೆ ಮಾಡುವುದಾದರೆ ಗಾಳಿಯ ತೇವವೇ ಅರ್ಧ ಕ್ಯೂರಿಂಗ್ ಮಾಡಿಕೊಡುತ್ತದೆ. ಹಸಿ ಗಾರೆಯ ಮೇಲೆ ನೇರ ಮಳೆ ಮಾತ್ರ ಬೀಳಬಾರದು. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಆರಂಭಿಸಿ, ರಾತ್ರಿಯ ತಂಪು ಸಿಗಲಿ.

ಉಳಿದ ಗಾರೆ, ಬಾಂಡಲಿ ತೊಳೆದ ನೀರು ಏನು ಮಾಡುವುದು?

ಚರಂಡಿಗೆ ಸುರಿದರೆ ಕೊಳವೆಯೊಳಗೇ ಗಟ್ಟಿಯಾಗುತ್ತದೆ, ಗಿಡದ ಬುಡಕ್ಕೆ ಸುರಿದರೆ ಬೇರು ಸುಡುತ್ತದೆ. ಹಳೆಯ ಬಕೆಟ್ಟಿನಲ್ಲಿ ಒಂದು ರಾತ್ರಿ ಬಿಡಿ. ಕೆಳಗೆ ಇಳಿದದ್ದು ಬಿಲ್ಲೆಯಂತೆ ಗಟ್ಟಿಯಾಗುತ್ತದೆ, ಅದನ್ನು ಕಟ್ಟಡದ ಕಸಕ್ಕೆ ಹಾಕಿ. ಮೇಲಿನ ತಿಳಿನೀರನ್ನು ಮುಂದಿನ ಬಾರಿ ಕರಣೆ, ಬಾಂಡಲಿ ತೊಳೆಯಲು ಇಟ್ಟುಕೊಳ್ಳಿ. ಕಲಸಿ ಮಿಕ್ಕ ಗಾರೆಗೆಂದು ನಾನು ಒಂದು ಹಳೆಯ ಇಡ್ಲಿ ತಟ್ಟೆ ಇಟ್ಟಿದ್ದೇನೆ, ಅದು ಮತ್ತೆ ಅಡುಗೆಮನೆಗೆ ಹೋಗುವಂತಿಲ್ಲ. ಎಣ್ಣೆ ಸವರಿ, ಗಾರೆ ತುಂಬಿ, ನಡುವೆ ಒಂದು ಬಳೆಚೂರು ಒತ್ತಿಬಿಡುತ್ತೇನೆ. ಈಗ ನಮ್ಮ ಮಲ್ಲಿಗೆ ಪಾತಿಯ ಸುತ್ತ ಅಂಥ ಬಿಲ್ಲೆಗಳ ಸಾಲು ಮುಕ್ಕಾಲು ಪಾಲು ಮುಗಿದಿದೆ.